ಸಾಲೋಟಗಿ ಶಾಸನದ ಮದುವೆ ಕಾಣಿಕೆ: ನೆಲೆಯಿಲ್ಲದ ಹುಡುಗರನ್ನು ಒಂದು ಊರು ಸಾಕಿದ ಬಗೆ

ಇಂಡಿ ತಾಲ್ಲೂಕಿನ ಸಾಲೋಟಗಿಯ ಕಂಬಶಾಸನವನ್ನು ನಮ್ಮ ಶಿಕ್ಷಣದ ಚರಿತ್ರೆ ಬರೆದವರು ಮತ್ತೆ ಮತ್ತೆ ಉಲ್ಲೇಖಿಸಿದ್ದಾರೆ. ಅದನ್ನು ಕೊನೆಯವರೆಗೆ ಓದಿದವರು ಕಡಿಮೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಕ್ರಿ.ಶ. 945ರಲ್ಲಿ ಶಾಲೆ ಕಟ್ಟಿಸಿದ, ನಾನಾ ಜನಪದಗಳಿಂದ ವಿದ್ಯಾರ್ಥಿಗಳು ಬಂದರು ಎಂಬಷ್ಟನ್ನು ಎತ್ತಿಕೊಂಡು, ಇದೊಂದು ಪ್ರಾಚೀನ ವಿಶ್ವವಿದ್ಯಾಲಯವೆಂದು ಸಾರಿ ಮುಂದೆ ಹೋಗುವುದೇ ವಾಡಿಕೆ. ದೂರದಿಂದ ಬಂದ ಆ ಹುಡುಗರು ರಾತ್ರಿ ಎಲ್ಲಿ ಮಲಗಿದರು, ಅವರ ಅನ್ನದ ಹೊರೆ ಯಾರ ಹೆಗಲಿಗೆ ಬಿತ್ತು ಎಂಬ ಪ್ರಶ್ನೆಗೆ ಅದೇ ಕಲ್ಲು ಉತ್ತರ ಕೊಡುತ್ತದೆ. ಕೇಳಿದವರು ಮಾತ್ರ ಇಲ್ಲ.

ಶಾಸನದ ಪಾಠ ಎಪಿಗ್ರಾಫಿಯಾ ಇಂಡಿಕಾದ 4ನೆಯ ಸಂಪುಟದಲ್ಲಿದೆ. ವಿದ್ಯಾರ್ಥಿಗಳ ಜೀವನೋಪಾಯಕ್ಕೆ 500 ನಿವರ್ತನ (ಅಂದಿನ ನೆಲದ ಅಳತೆ) ಭೂಮಿ, ದೀಪಕ್ಕೆ 12 ನಿವರ್ತನ, ಹೂದೋಟಕ್ಕೆ 4, ಜೊತೆಗೆ 27 ನಿವೇಶನಗಳು. ಈ 27ರ ಮೇಲೆಯೇ ಇಡೀ ತಪ್ಪು ಓದು ನಿಂತಿದೆ. ಇತಿಹಾಸಕಾರ ಅಳ್ತೇಕರರು ಇವನ್ನು 27 ವಿದ್ಯಾರ್ಥಿನಿಲಯಗಳೆಂದು ತೆಗೆದುಕೊಂಡರು. ಅಲ್ಲಿಂದ ಮುಂದೆ ಪಠ್ಯಪುಸ್ತಕಗಳಲ್ಲಿ ಸಾಲೋಟಗಿಗೆ ಸಾಲುಸಾಲು ಹಾಸ್ಟೆಲುಗಳು ಎದ್ದು ನಿಂತವು. ಅಳ್ತೇಕರರ ಬಗ್ಗೆ ನನಗೆ ಅಪಾರ ಗೌರವವಿದೆ. ರಾಷ್ಟ್ರಕೂಟರ ಕುರಿತು ಅವರು ಮಾಡಿದಷ್ಟು ಕೆಲಸವನ್ನು ಇನ್ನೊಬ್ಬರು ಮಾಡಿದ್ದು ಕಡಿಮೆ. ಆದರೆ ಮೂಲವನ್ನು ತೆರೆದೂ ನೋಡದೆ ಅವರ ವಾಕ್ಯವನ್ನು ತಲೆಮಾರುಗಟ್ಟಲೆ ನಕಲು ಮಾಡಿದವರ ಬಗ್ಗೆ ಆ ಗೌರವ ಇಟ್ಟುಕೊಳ್ಳಲಾರೆ. ಅದೇ ಶಾಸನ ಉಪಾಧ್ಯಾಯನಿಗೆ 50 ನಿವರ್ತನ ಭೂಮಿಯನ್ನೂ ಒಂದು ನಿವೇಶನವನ್ನೂ ಕೊಡುತ್ತದೆ. ಉಪಾಧ್ಯಾಯನದು ಒಂದು ಸಂಸಾರ ಹಿಡಿಯುವ ಮನೆ ಎಂದಾದರೆ, ವಿದ್ಯಾರ್ಥಿಗಳ 27 ಕೂಡ ಅದೇ ಅಳತೆಯವು. ಒಂದೇ ದಾನದೊಳಗೆ ಒಂದೇ ಅಳತೆ ಒಂದು ಕಡೆ ಮನೆಯಾಗಿ, ಇನ್ನೊಂದು ಕಡೆ ದೊಡ್ಡ ವಸತಿಗೃಹವಾಗಿ ಹಿಗ್ಗುವುದು ಹೇಗೆ? ಹುಡುಗರು ಗೋಡೆಯೊಳಗಿನ ಆವರಣದಲ್ಲಲ್ಲ, ಊರಿನ ಮನೆಗಳ ನಡುವೆ, ನೆರೆಹೊರೆಯವರ ಕಣ್ಣಳತೆಯಲ್ಲಿ ಬದುಕಿದರೆಂಬುದೇ ಹೆಚ್ಚು ಸಹಜವಾದ ಓದು. ನಿವೇಶನಗಳ ಉತ್ಪನ್ನ ಮಾತ್ರ ಶಾಲೆಗೆ ಸಲ್ಲುತ್ತಿತ್ತು ಎಂದು ಯಾರಾದರೂ ವಾದಿಸಿದರೆ ಅದನ್ನು ಪೂರ್ತಿ ತಳ್ಳಿಹಾಕಲು ನನ್ನಲ್ಲಿ ಆಧಾರವಿಲ್ಲ. ಹಾಗಾದರೂ ಹಾಸ್ಟೆಲುಗಳು ಉಳಿಯುವುದಿಲ್ಲ.

ಇನ್ನು ಎಲ್ಲರೂ ದಾಟಿಹೋಗುವ ಭಾಗ. ಪಾವಿಟ್ಟಗೆ ಎಂದು ಶಾಸನ ಕರೆಯುವ ಈ ಊರಿನ ಮಹಾಜನರು ಒಂದು ಕಟ್ಟುಪಾಡು ಮಾಡಿಕೊಂಡರು. ಊರಲ್ಲಿ ಮದುವೆಯಾದರೆ ಶಾಲೆಗೆ 5 ಪುಷ್ಪ, ಉಪನಯನವಾದರೆ ಅದರಲ್ಲಿ ಅರ್ಧ, ಚೌಲವಾದರೆ ಅದರಲ್ಲೂ ಅರ್ಧ. ಎರಡೂವರೆ, ಒಂದೂಕಾಲು ಎಂಬ ಲೆಕ್ಕ ಬಂದ ಮೇಲೆ ಇದು ಹೂವಲ್ಲ, ನಾಣ್ಯ ಎಂಬುದರಲ್ಲಿ ಚರ್ಚೆಗೆ ಎಡೆಯಿಲ್ಲ. ಊರಲ್ಲಿ ಸಂತರ್ಪಣೆ ನಡೆದರೆ ಶಾಲೆಯವರಿಗೂ ಶಕ್ತ್ಯನುಸಾರ ಉಣಬಡಿಸಬೇಕು ಎಂಬ ಮಾತೂ ಇದೆ.

ಇದನ್ನು ‘ಸ್ಥಳೀಯ ತೆರಿಗೆ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದವರಿದ್ದಾರೆ. ಯಾವ ಸಂದರ್ಭಗಳನ್ನು ಆರಿಸಿಕೊಂಡರು ಎಂಬುದನ್ನು ಅವರು ಗಮನಿಸಬೇಕಿತ್ತು. ಬೆಳೆ ಬಂದಾಗಲೋ ಹಬ್ಬಕ್ಕೋ ಸಂತೆಗೋ ಹಣ ಗೊತ್ತುಮಾಡಬಹುದಿತ್ತು. ಸುಂಕವನ್ನು ದೇವಸ್ಥಾನಕ್ಕೂ ಮಠಕ್ಕೂ ಬಿಟ್ಟುಕೊಟ್ಟ ಶಾಸನಗಳು ನಮ್ಮಲ್ಲಿ ಹೇರಳ. ಪಾವಿಟ್ಟಗೆಯವರು ಆರಿಸಿದ್ದು ಮನೆಯ ಮಗು ಒಂದೊಂದು ಮೆಟ್ಟಿಲು ಹತ್ತುವ ಗಳಿಗೆಗಳನ್ನು. ತಮ್ಮ ಮಗನ ಕೂದಲು ತೆಗೆಸಿದ ದಿನ, ಅವನಿಗೆ ಜನಿವಾರ ಹಾಕಿದ ದಿನ, ಅವನು ಗೃಹಸ್ಥನಾದ ದಿನ, ಆ ಸಂಭ್ರಮಕ್ಕೆ ತಂದೆತಾಯಿ ಹತ್ತಿರವಿಲ್ಲದ ಬೇರೆ ಮಕ್ಕಳ ಪಾಲು ತೆಗೆದಿಡಬೇಕು. ಪಾಲು ಮೆಟ್ಟಿಲಿನಿಂದ ಮೆಟ್ಟಿಲಿಗೆ ಇಮ್ಮಡಿಯಾಗುತ್ತದೆ. ಹೊಸದೊಂದು ಮನೆ ಹೂಡುವ ದಿನ, ಮನೆಯಿಂದ ದೂರ ಬಂದವರ ಪಾಲು ಎಲ್ಲಕ್ಕಿಂತ ದೊಡ್ಡದು. ಇಷ್ಟು ಸೂಕ್ಷ್ಮವಾದ ಏರ್ಪಾಡನ್ನು ಮಂತ್ರಿಯೊಬ್ಬನ ಔದಾರ್ಯದ ಖಾತೆಗೆ ಬರೆಯುವುದು ಅನ್ಯಾಯ. ನಾರಾಯಣ ಕಟ್ಟಡ ಕೊಟ್ಟ. ಬದುಕು ಕೊಟ್ಟದ್ದು ಊರು. ಬರಿಯ ತೆರಿಗೆಯಾಗಿದ್ದರೆ, ಊಟದ ಮಾತು ಬಂದಾಗ ಶಕ್ತ್ಯನುಸಾರ ಎಂದು ಸಡಿಲಿಸುವ ಅಗತ್ಯವೂ ಇರುತ್ತಿರಲಿಲ್ಲ.

ಆ ವಿದ್ಯಾರ್ಥಿಗಳೆಲ್ಲ ತಬ್ಬಲಿಗಳಾಗಿದ್ದರೆಂದು ನಾನು ಹೇಳುತ್ತಿಲ್ಲ, ಶಾಸನವೂ ಹೇಳುವುದಿಲ್ಲ. ಬಂದ ಊರಿನಲ್ಲಿ ಅವರಿಗೆ ನೆಲೆಯಿರಲಿಲ್ಲ ಎಂಬಷ್ಟೇ ಖಚಿತ. ಅದಕ್ಕಿಂತ ಮುಖ್ಯವಾದ ಮಿತಿಯನ್ನು ಈ ಶಾಸನದ ಅಭಿಮಾನಿಗಳು ಮುಚ್ಚಿಡುತ್ತ ಬಂದಿದ್ದಾರೆ. ಕಾಣಿಕೆಯ ಪಟ್ಟಿಯಲ್ಲಿ ಉಪನಯನ ಇರುವುದೇ ಕೊಡುವವರು ಯಾರೆಂಬುದನ್ನು ಹೇಳುತ್ತದೆ. ಶಾಲೆಯ ದೀಪಕ್ಕೆ ಎಣ್ಣೆ ಗಾಣದಿಂದಲೇ ಬರಬೇಕು. ಉಪನಯನವಿಲ್ಲದ ಆ ಗಾಣಿಗನ ಮಗನಿಗೆ ಈ ಕಟ್ಟುಪಾಡಿನಲ್ಲಿ ಜಾಗವಿಲ್ಲ. ಬಳ್ಳಿಗಾವೆಯ ಕೋಡಿಮಠದ 1162ರ ಶಾಸನ ಇದಕ್ಕಿಂತ ಬಾಗಿಲನ್ನು ಅಗಲ ತೆರೆಯುತ್ತದೆ. ಅನಾಥರು, ಕುಂಟರು, ಕುರುಡರು, ಕಿವುಡರು, ಗಾಯಕರು, ನರ್ತಕರು, ಗಾಯಗೊಂಡವರು ಎಲ್ಲರಿಗೂ ಅಲ್ಲಿ ಅನ್ನ, ದಿಕ್ಕಿಲ್ಲದ ರೋಗಿಗಳಿಗೆ ಮದ್ದು. ಅಲ್ಲಿ ಓದುತ್ತಿದ್ದ ವ್ಯಾಕರಣಗಳ ಪಟ್ಟಿಯನ್ನು ಬಾಯಿಪಾಠ ಹೇಳುವ ವಿದ್ವಾಂಸರು ಈ ಪಟ್ಟಿಗೆ ಬಂದಾಗ ‘ಇತ್ಯಾದಿ’ ಎಂದು ಬರೆದು ಪುಟ ತಿರುವುತ್ತಾರೆ.

ಸಾಲೋಟಗಿಯ ಮಿತಿ ವಾರಾನ್ನದ ಕಾಲದವರೆಗೂ ಉಳಿಯಿತು. ವಾರದ ಏಳು ದಿನ ಏಳು ಮನೆಗಳಲ್ಲಿ ಉಂಡು ಓದಿದವರ ನೆನಪುಗಳು ನಮ್ಮ ಸಾಹಿತ್ಯದಲ್ಲಿ ಧಾರಾಳವಾಗಿವೆ. ಆ ಏಳು ಮನೆಗಳ ಜಗಲಿಯನ್ನೂ ಹತ್ತಲಾಗದ ಹುಡುಗರು ಪಟ್ಟಣದಲ್ಲಿ ಓದುವುದಾದರೂ ಹೇಗಿತ್ತು? ಜಾತಿವಾರು ವಿದ್ಯಾರ್ಥಿನಿಲಯಗಳೇ ಜಾತೀಯತೆಯನ್ನು ಬೆಳೆಸಿದವು ಎಂದು ಬರೆಯುವವರು ಮೊದಲು ಇದಕ್ಕೆ ಉತ್ತರಿಸಬೇಕು. ಕೊಲ್ಹಾಪುರದ ಶಾಹು ಮಹಾರಾಜರು 1896ರಲ್ಲಿ ಎಲ್ಲರಿಗೂ ಎಂದು ತೆರೆದ ವಿದ್ಯಾರ್ಥಿನಿಲಯದಲ್ಲಿ ತುಂಬಿಕೊಂಡವರು ಬ್ರಾಹ್ಮಣ ವಿದ್ಯಾರ್ಥಿಗಳೇ. 1901ರ ವಿಕ್ಟೋರಿಯಾ ಮರಾಠಾ ಬೋರ್ಡಿಂಗ್, ಅಸ್ಪೃಶ್ಯ ಹುಡುಗರಿಗಾಗಿ 1908ರ ಮಿಸ್ ಕ್ಲಾರ್ಕ್ ಬೋರ್ಡಿಂಗ್ ಬಂದದ್ದು ಆಮೇಲೆ. ಬೇರೆ ಬೇರೆ ಬಾಗಿಲುಗಳನ್ನು ಮಾಡಬೇಕಾಗಿ ಬಂದದ್ದು ಒಂದೇ ಬಾಗಿಲು ಮುಚ್ಚಿದ್ದರಿಂದ. ದಲಿತ ವಿದ್ಯಾರ್ಥಿಗಳು ಉಳಿದು ಓದಿದ ನಮ್ಮ ಬೆಂಗಳೂರಿನ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲನ್ನೂ ಇದೇ ಸಾಲಿನಲ್ಲಿಟ್ಟು ನೋಡಬೇಕು. ಕವಿ ಸಿದ್ಧಲಿಂಗಯ್ಯನವರ ಆತ್ಮಕಥೆ ‘ಊರುಕೇರಿ’ಯಲ್ಲಿ ಆ ಹಾಸ್ಟೆಲಿನ ಬದುಕು ಇದೆ. ಸಾಲೋಟಗಿಯ ಕಲ್ಲನ್ನು ಶಿಕ್ಷಣದ ಚರಿತ್ರೆಗೆ ಆಧಾರವೆಂದು ಹಿಡಿಯುವ ನಾವು, ಆ ಪುಸ್ತಕವನ್ನು ಇನ್ನೂ ಆತ್ಮಕಥೆಗಳ ಕಪಾಟಿನಲ್ಲೇ ಇಟ್ಟಿದ್ದೇವೆ.