ಗೂನುಬೆನ್ನಿನ ಡಾಲ್ಫಿನ್‌ಗಳು: ಎರಡು ಪ್ರಭೇದಗಳ ವ್ಯತ್ಯಾಸ

ಹಿಂದೂ ಮಹಾಸಾಗರದ ಗೂನುಬೆನ್ನಿನ ಡಾಲ್ಫಿನ್ (ಸೌಸಾ ಪ್ಲಂಬಿಯಾ) ಮತ್ತು ಇಂಡೋ-ಪೆಸಿಫಿಕ್ ಗೂನುಬೆನ್ನಿನ ಡಾಲ್ಫಿನ್ (ಸೌಸಾ ಚೈನೆನ್ಸಿಸ್) ಇವು ಡೆಲ್ಫಿನಿಡೇ ಕುಟುಂಬಕ್ಕೆ ಸೇರಿದ, ಪರಸ್ಪರ ಬಹಳ ಹೋಲುವ ಎರಡು ಸಸ್ತನಿ ಪ್ರಭೇದಗಳು. ಕರ್ನಾಟಕದ ಕರಾವಳಿಯಲ್ಲಿ, ಮುಖ್ಯವಾಗಿ ಕಾರವಾರದ ಆಸುಪಾಸಿನಲ್ಲಿ ದಡದ ಸಮೀಪ ಕಾಣಸಿಗುವುದು ಮೊದಲನೆಯದು.

ನಾಮಕರಣ

ಚೈನೆನ್ಸಿಸ್ ಪ್ರಭೇದವನ್ನು 1765ರಲ್ಲಿ ಓಸ್ಬೆಕ್ ಚೀನಾದ ನದೀಮುಖದ ಪ್ರಾಣಿಗಳ ಆಧಾರದ ಮೇಲೆ ಹೆಸರಿಸಿದನು. ಪ್ಲಂಬಿಯಾಕ್ಕೆ 1829ರಲ್ಲಿ ಹೆಸರಿಟ್ಟವನು ಫ್ರಾನ್ಸಿನ ಜಾರ್ಜ್ ಕ್ಯುವಿಯೆ. ಅವನಿಗೆ ದೊರೆತ ಮಾದರಿ ಮಲಬಾರ್ ತೀರದ್ದು. ಪ್ಲಂಬಿಯಾ ಎಂದರೆ ಸೀಸದ ಬಣ್ಣದ್ದು ಎಂದರ್ಥ. ಮುಂದೆ ಬಹುಕಾಲ ಇವೆರಡನ್ನೂ ಒಂದೇ ಪ್ರಭೇದವೆಂದು ಎಣಿಸಲಾಗುತ್ತಿತ್ತು. ದೇಹರಚನೆ ಹಾಗೂ ಅನುವಂಶಿಕ ಸಾಕ್ಷ್ಯಗಳನ್ನು ಪರಿಶೀಲಿಸಿದ ಜೆಫರ್ಸನ್ ಮತ್ತು ರೋಸೆನ್‌ಬಾಮ್ 2014ರಲ್ಲಿ ಇವನ್ನು ಬೇರ್ಪಡಿಸಿದರು. ಆದ್ದರಿಂದ ಹಳೆಯ ಪುಸ್ತಕಗಳಲ್ಲಿ ಅರಬ್ಬಿ ಸಮುದ್ರದ ಡಾಲ್ಫಿನ್‌ಗೂ ಚೈನೆನ್ಸಿಸ್ ಎಂಬ ಹೆಸರೇ ಕಂಡುಬಂದರೆ ಗೊಂದಲಪಡಬೇಕಾಗಿಲ್ಲ.

ಗುರುತಿಸುವ ಬಗೆ

ಬೆನ್ನನ್ನು ನೋಡುವುದೇ ಸರಿಯಾದ ಕ್ರಮ. ಬೆಳೆದ ಪ್ಲಂಬಿಯಾದ ಬೆನ್ನಿನ ನಡುವೆ ಉದ್ದನೆಯ, ಸ್ಪಷ್ಟವಾದ ಗೂನು ಇದ್ದು, ಅದರ ಮೇಲೆ ಚಿಕ್ಕ ರೆಕ್ಕೆ ನಿಂತಿರುತ್ತದೆ. ಚೈನೆನ್ಸಿಸ್‌ನಲ್ಲಿ ಹೆಸರಿಗೆ ಮಾತ್ರ ಗೂನು; ಅದರ ಬೆನ್ನುರೆಕ್ಕೆ ಅಗಲವಾದ ಬುಡದಿಂದ ನೇರವಾಗಿ ಏಳುವ ಗಿಡ್ಡ ತ್ರಿಕೋನ. ಬಣ್ಣದಲ್ಲಿಯೂ ಭೇದವಿದೆ. ಪ್ಲಂಬಿಯಾ ಜೀವಮಾನವಿಡೀ ಬಹುಮಟ್ಟಿಗೆ ಕಡುಬೂದು. ಚೈನೆನ್ಸಿಸ್ ಬೂದು ಬಣ್ಣದಲ್ಲಿ ಹುಟ್ಟಿ, ಮಚ್ಚೆಗಳ ಹಂತವನ್ನು ದಾಟಿ, ವಯಸ್ಸಾದಂತೆ ಬಿಳಿ ಅಥವಾ ಗುಲಾಬಿಯಾಗುತ್ತದೆ. ಹಾಂಗ್‌ಕಾಂಗ್‌ನ ಪ್ರಸಿದ್ಧ ಗುಲಾಬಿ ಡಾಲ್ಫಿನ್ ಇದೇ. ಆದರೆ ಎರಡರ ಮರಿಗಳೂ ಬೂದು, ಪ್ಲಂಬಿಯಾದ ಮರಿಗೆ ಗೂನು ಇನ್ನೂ ಬೆಳೆದಿರುವುದಿಲ್ಲ. ಹೀಗಾಗಿ ಒಂಟಿ ಮರಿಯನ್ನು ಕಂಡು ತೀರ್ಮಾನ ಹೇಳುವುದು ದುಡುಕಾದೀತು.

ಆಗ ನೆರವಾಗುವುದು ಸ್ಥಳ. ಪ್ಲಂಬಿಯಾ ದಕ್ಷಿಣ ಆಫ್ರಿಕಾದಿಂದ ಭಾರತದ ಪಶ್ಚಿಮ ತೀರದವರೆಗೆ, ಚೈನೆನ್ಸಿಸ್ ಬಂಗಾಳ ಕೊಲ್ಲಿಯಿಂದ ಚೀನಾದವರೆಗೆ ಹರಡಿವೆ. ನಡುವಿನ ಗಡಿರೇಖೆ ಇನ್ನೂ ನಿಖರವಾಗಿ ನಿರ್ಧಾರವಾಗಿಲ್ಲ.

ಕರ್ನಾಟಕದ ನೋಡುಗರಿಗೆ ಎದುರಾಗುವ ನಿಜವಾದ ತೊಡಕು ಬೇರೆ: ಇದೇ ಸಮುದ್ರದಲ್ಲಿರುವ ಬಾಟಲಿಮೂತಿ ಡಾಲ್ಫಿನ್. ಅದಕ್ಕೆ ಗೂನಿಲ್ಲ, ಮೂತಿ ಗಿಡ್ಡ, ರೆಕ್ಕೆ ಎತ್ತರವಾಗಿ ಹಿಂದಕ್ಕೆ ಬಾಗಿರುತ್ತದೆ. ಗೂನುಬೆನ್ನಿನದು ಉಸಿರಿಗೆ ಮೇಲೆ ಬರುವಾಗ ಉದ್ದ ಮೂತಿಯನ್ನು ಮೊದಲು ನೀರಿನಿಂದ ಹೊರಚಾಚಿ, ಬಳಿಕ ಬೆನ್ನನ್ನು ಬಿಲ್ಲಿನಂತೆ ಬಾಗಿಸುತ್ತದೆ. ಗಂಗಾ ಡಾಲ್ಫಿನ್ ಈ ಕುಟುಂಬಕ್ಕೆ ಸೇರಿದುದಲ್ಲ. ಕೃಷ್ಣಾ, ಭೀಮಾ ನದಿಗಳಲ್ಲಿ ಅದು ಇಲ್ಲದಿರುವುದರಿಂದ ಕಲಬುರಗಿಯ ಕಡೆಯ ವಿದ್ಯಾರ್ಥಿಗಳು ಡಾಲ್ಫಿನ್ ನೋಡಲು ಕರಾವಳಿಗೇ ಹೋಗಬೇಕು.

ಸಂರಕ್ಷಣೆ

ಪ್ರಭೇದಗಳನ್ನು ಬೇರ್ಪಡಿಸಿದ್ದು ಕೇವಲ ಹೆಸರಿನ ವಿಚಾರವಾಗಿ ಉಳಿಯಲಿಲ್ಲ. ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಚೈನೆನ್ಸಿಸ್ 'ದುರ್ಬಲ' ವರ್ಗದಲ್ಲಿದ್ದರೆ, ಪ್ಲಂಬಿಯಾ ಅದಕ್ಕಿಂತ ಗಂಭೀರವಾದ 'ಅಳಿವಿನಂಚಿನ' ವರ್ಗದಲ್ಲಿದೆ. ಆಳ ಕಡಿಮೆಯಿರುವ ದಡದ ನೀರೇ ಇದರ ನೆಲೆ. ಮೀನುಗಾರಿಕೆ, ಬಂದರು, ಮಾಲಿನ್ಯಗಳೂ ಅಲ್ಲಿಯೇ. ಕಿವಿರುಬಲೆಗಳಲ್ಲಿ ಆಕಸ್ಮಿಕವಾಗಿ ಸಿಕ್ಕಿದ ಪ್ರಾಣಿ ಉಸಿರಿಗೆ ಮೇಲೆ ಬರಲಾಗದೆ ಮುಳುಗಿ ಸಾಯುತ್ತದೆ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿ ಇವುಗಳಿಗೆ ರಕ್ಷಣೆ ನೀಡಿದೆ. ದಡಕ್ಕೆ ಬಂದು ಬಿದ್ದ ಕಳೇಬರವನ್ನು ಬರಿದೇ 'ಡಾಲ್ಫಿನ್' ಎಂದು ದಾಖಲಿಸಿದರೆ ಯಾವ ಪ್ರಭೇದ ಎಷ್ಟು ಕುಸಿಯುತ್ತಿದೆ ಎಂಬುದು ತಿಳಿಯದೆ ಹೋಗುತ್ತದೆ. ಬೆನ್ನುರೆಕ್ಕೆ ಮತ್ತು ಮೂತಿ ಸ್ಪಷ್ಟವಾಗಿ ಕಾಣುವಂತೆ ಪಕ್ಕದಿಂದ ತೆಗೆದ ಒಂದು ಛಾಯಾಚಿತ್ರವಿದ್ದರೂ ಗುರುತಿಸುವಿಕೆ ಸುಲಭವಾಗುತ್ತದೆ.