ಅಗುಳಿ ಹಾಕಿದ ನೆನಪು

ಸಾಗರ, ಹೊಸನಗರ, ತೀರ್ಥಹಳ್ಳಿಗಳ ಅಡಿಕೆ ತೋಟದ ಮನೆಗಳಲ್ಲಿ ಮಳೆಗಾಲದ ರಾತ್ರಿ ಬಲು ದೀರ್ಘ. ಅಂಥದೊಂದು ಮನೆಯನ್ನು ಕಲ್ಪಿಸಿಕೊಳ್ಳಿ. ಎಲ್ಲರೂ ಮಲಗಿದ ಮೇಲೆ ಒಬ್ಬರು ಎದ್ದು ಹೆಬ್ಬಾಗಿಲ ಅಗುಳಿಯನ್ನು ಮುಟ್ಟಿ ನೋಡುತ್ತಾರೆ. ಹಾಕಿದೆ. ಹಾಸಿಗೆಗೆ ಮರಳಿದೊಡನೆ ಸಂದೇಹ: ನಿಜವಾಗಿಯೂ ಹಾಕಿದೆಯೇ? ಮತ್ತೆ ಏಳುತ್ತಾರೆ, ಹತ್ತು ಬಾರಿ, ಇಪ್ಪತ್ತು ಬಾರಿ. ನೆರೆಮನೆಯಲ್ಲಿ ಇನ್ನೊಬ್ಬರಿಗೆ ಹಂಡೆಯ ನೀರು ಮುಗಿದರೂ ಕೈ ತೊಳೆದದ್ದು ಸಾಲದು. ಮೊದಲನೆಯದನ್ನು ಮನೆಯವರು ಮರೆವು ಎನ್ನುತ್ತಾರೆ, ಎರಡನೆಯದನ್ನು ಅತಿಮಡಿ ಎನ್ನುತ್ತಾರೆ. ಮಡಿಯೆಲ್ಲವೂ ರೋಗವಲ್ಲ. ಆದರೆ ಮಾಡುವವರಿಗೇ ಬೇಡವೆನಿಸಿಯೂ ಬಿಡಲಾಗದೆ, ಬದುಕನ್ನೇ ಅದು ನುಂಗತೊಡಗಿದಾಗ ವೈದ್ಯರು ಅದನ್ನು ಗೀಳುರೋಗವೆಂದು ಕರೆಯುತ್ತಾರೆ.

ಇದು ನೆನಪಿನ ದೋಷವೇ? ಈ ಪ್ರಶ್ನೆಗೆ ಒಂದು ಇತಿಹಾಸವಿದೆ. 1838ರಲ್ಲಿ ಫ್ರಾನ್ಸಿನ ವೈದ್ಯ ಎಸ್ಕಿರೋಲ್, ಲೆಕ್ಕದಲ್ಲಿ ತಪ್ಪಿ ಪರರಿಗೆ ನಷ್ಟ ಮಾಡಿಬಿಟ್ಟೆನೇನೋ ಎಂದು ಸದಾ ಅಂಜುತ್ತಿದ್ದ ಒಬ್ಬ ಮಹಿಳೆಯ ಕಥನವನ್ನು ಬರೆದನು. ತನ್ನ ಭಯ ಅರ್ಥಹೀನವೆಂದು ಆಕೆಗೇ ಗೊತ್ತಿತ್ತು. ಮುಂದೆ ಫ್ರೆಂಚ್ ವೈದ್ಯರು ಇಂಥದನ್ನು 'ಸಂಶಯದ ಹುಚ್ಚು' ಎಂದರು. 1980ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರು, ಮತ್ತೆ ಮತ್ತೆ ಪರೀಕ್ಷಿಸುವವರ ನೆನಪೇ ದುರ್ಬಲವಿರಬಹುದೆಂದು ಊಹಿಸಿದರು.

ಪುನರಾವರ್ತನೆಯಿಂದ ನೆನಪು ಗಟ್ಟಿಯಾಗುತ್ತದೆಂಬುದು ಮಲೆನಾಡಿನವರಿಗೆ ಹೊಸ ಮಾತಲ್ಲ. ಘನಪಾಠ ಉಳಿದು ಬಂದದ್ದು ಹಾಗೆ. ಯಕ್ಷಗಾನದ ಭಾಗವತರಿಗೆ ಪ್ರಸಂಗಗಳು ಕಂಠಸ್ಥವಾದದ್ದೂ ಹಾಗೆ. ಆದರೆ ಅಗುಳಿಯ ವಿಷಯದಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ. 2003ರಲ್ಲಿ ನೆದರ್ಲೆಂಡ್ಸ್‌ನ ವಾನ್ ಡೆನ್ ಹೌಟ್ ಮತ್ತು ಕಿಂಟ್ ಎಂಬ ಸಂಶೋಧಕರು ಆರೋಗ್ಯವಂತರಿಂದಲೇ, ಕಂಪ್ಯೂಟರ್ ಪರದೆಯ ಗ್ಯಾಸ್ ಒಲೆಯನ್ನು 20 ಬಾರಿ ಪರೀಕ್ಷೆ ಮಾಡಿಸಿದರು. ಅವರ ನೆನಪು ತಪ್ಪಲಿಲ್ಲ. ಕುಗ್ಗಿದ್ದು ಆ ನೆನಪಿನ ಸ್ಪಷ್ಟತೆ, ಅದರ ಮೇಲಿನ ವಿಶ್ವಾಸ. ಸಂಶಯ ನಿವಾರಣೆಗೆಂದು ಮಾಡಿದ ಪರೀಕ್ಷೆಯೇ ಸಂಶಯವನ್ನು ಸಾಕಿ ಬೆಳೆಸಿತ್ತು!

ಹಾಗೆಂದು ಮೆದುಳಿನ ಪಾತ್ರವೇ ಇಲ್ಲವೆನ್ನಲಾಗದು. ಬೆಂಗಳೂರಿನ ನಿಮ್ಹಾನ್ಸ್‌ನ ವೈದ್ಯರು 2008ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಗೀಳಿನಿಂದ ಚೇತರಿಸಿಕೊಂಡವರಲ್ಲಿಯೂ ಒಂದು ವಿಚಾರದಿಂದ ಇನ್ನೊಂದಕ್ಕೆ ಹೊರಳುವ ಶಕ್ತಿ, ಕ್ರಿಯೆಯನ್ನು ತಡೆದುಕೊಳ್ಳುವ ಶಕ್ತಿ, ಮಾತಿಗೆ ಸಂಬಂಧಿಸದ ನೆನಪು ಇವುಗಳಲ್ಲಿ ಕೊರತೆ ಉಳಿದಿತ್ತು. ಎಂದರೆ ಮನಸ್ಸಿನ ಉಗ್ರಾಣ ಬರಿದಾಗಿಲ್ಲ. 'ಇಷ್ಟು ಸಾಕು' ಎನ್ನುವ ಉಗ್ರಾಣಿ ಸೋತಿದ್ದಾನೆ.

ಈ ತಿಳಿವಳಿಕೆ ಮನೆಯವರಿಗೆ ಅತ್ಯಗತ್ಯ. "ಬಾಗಿಲು ಹಾಕಿದ್ದೀಯೆ, ಮಲಗು" ಎಂದು ಪ್ರೀತಿಯಿಂದ ನೂರು ಬಾರಿ ಹೇಳುವುದೂ ಆ ಸರಪಳಿಗೆ ಒಂದು ಕೊಂಡಿಯೇ. 1966ರಲ್ಲಿ ಲಂಡನ್ನಿನ ವಿಕ್ಟರ್ ಮೇಯರ್, ಭಯವನ್ನು ಎದುರಿಸಿ ಕ್ರಿಯೆಯನ್ನು ತಡೆಯುವ ಚಿಕಿತ್ಸೆಯನ್ನು ವರದಿ ಮಾಡಿದನು. ಅದರಿಂದ ಬೆಳೆದ ಕ್ರಮ, ಔಷಧಗಳೊಡನೆ, ಇಂದು ಅನೇಕರಿಗೆ ನೆರವಾಗುತ್ತಿದೆ. ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಿಮ್ಹಾನ್ಸ್‌ನ ವೈದ್ಯರು ಸ್ಕಿಜೋಫ್ರೇನಿಯಾ ಪೀಡಿತರನ್ನು ಅವರ ಊರುಗಳಲ್ಲೇ ಗುರುತಿಸಿ ಚಿಕಿತ್ಸೆ ನಡೆಸಿದ್ದುಂಟು. ಗೀಳು ಅಷ್ಟು ಸುಲಭವಾಗಿ ಹೊರಗಿನವರ ಕಣ್ಣಿಗೆ ಬೀಳದು. ಅದು ಅಗುಳಿಯ ಒಳಗಡೆ, ನಾಚಿಕೆಯ ಮರೆಯಲ್ಲಿ ಇರುತ್ತದೆ. ಅದನ್ನು ಮರೆವೆಂದು ಗದರದೆ, ಮಡಿಯೆಂದು ಹೊಗಳದೆ ರೋಗವೆಂದು ಒಪ್ಪಿಕೊಂಡರೆ, ಆ ಬಾಗಿಲನ್ನು ತೆರೆಯುವ ಕೆಲಸ ಮನೆಯವರಿಂದಲೇ ಆರಂಭವಾಗುತ್ತದೆ.