ಕರಡಿ ದ್ವೀಪದ ಹಕ್ಕಿಗಳು

ನಾರ್ವೆಗೂ ಸ್ಪಿಟ್ಸ್‌ಬರ್ಗನ್ನಿಗೂ ನಡುವೆ ಕರಡಿ ದ್ವೀಪವೆಂಬ ಕಲ್ಲುನೆಲವೊಂದುಂಟು. 1596ರಲ್ಲಿ ಚೀನಾಕ್ಕೆ ಉತ್ತರದ ದಾರಿ ಹುಡುಕುತ್ತ ಡಚ್ ನಾವಿಕ ವಿಲ್ಲೆಮ್ ಬ್ಯಾರೆಂಟ್ಸ್ ಅಲ್ಲಿಗೆ ಬಂದಾಗ ಅವನ ಸಂಗಡಿಗರು ಹಿಮಕರಡಿಯೊಂದನ್ನು ಕೊಂದರು. ಹೆಸರು ಹಾಗೇ ನಿಂತಿತು. ನನ್ನನ್ನು ಕೇಳಿದರೆ ಅದಕ್ಕೆ ಹಕ್ಕಿಯ ಹೆಸರೇ ಒಪ್ಪುತ್ತಿತ್ತು. ಬೇಸಿಗೆಯಲ್ಲಿ ಅಲ್ಲಿನ ಕಡಿದಾದ ಬಂಡೆಗಳ ಮೇಲೆ ಗಿಲ್ಲಿಮಾಟ್ ಹಕ್ಕಿಗಳು ಲಕ್ಷಗಟ್ಟಲೆ ನೆರೆಯುತ್ತವೆ. ಗೂಡಿಲ್ಲ, ಕಡ್ಡಿಯಿಲ್ಲ, ಬರಿಯ ಕಲ್ಲಿನ ಮೇಲೆ ಒಂದೇ ಮೊಟ್ಟೆ. ಮರಿಗೆ ಸುಮಾರು ಮೂರು ವಾರವಾಗುತ್ತಲೇ, ರೆಕ್ಕೆ ಬಲಿಯುವ ಮುನ್ನವೇ, ಅದು ಕಡಲಿಗೆ ಧುಮುಕಿ ತಂದೆಯ ಜೊತೆ ಈಜುತ್ತ ಹೊರಟುಬಿಡುತ್ತದೆ. ಅದರ ಮೊದಲ ವಲಸೆ ಕಾಲಿನಿಂದ!

ಈ ಬಂಡೆಗಳಲ್ಲಿ ಗಿಲ್ಲಿಮಾಟಿನ ಎರಡು ಜಾತಿಗಳು ದಾಯಾದಿಗಳಂತೆ ಒತ್ತೊತ್ತಿಗೆ ವಾಸಿಸುತ್ತವೆ. ಒಂದು ಸಾಮಾನ್ಯ ಜಾತಿ. ಇನ್ನೊಂದು ಬ್ರೂನಿಕ್ ಎಂಬ ಡೇನಿಷ್ ವಿದ್ವಾಂಸನ ಹೆಸರು ಹೊತ್ತದ್ದು. 1986ರಲ್ಲಿ ಸಾಮಾನ್ಯ ಜಾತಿಯವು ಸುಮಾರು 2,45,000 ಜೋಡಿ ಇದ್ದುವು. ಮರುವರ್ಷ ಬಂದುವು ಸುಮಾರು 36,000. ಆ ಚಳಿಗಾಲ ಬ್ಯಾರೆಂಟ್ಸ್ ಸಮುದ್ರದಲ್ಲಿ ಕ್ಯಾಪೆಲಿನ್ ಎಂಬ ಸಣ್ಣ ಮೀನು ಬರಿದಾಗಿತ್ತು. ಬ್ರೂನಿಕ್ ಹಕ್ಕಿಗೆ ಪೆಟ್ಟು ಅಷ್ಟಾಗಿ ತಗುಲಲಿಲ್ಲ. ಅದು ಸೀಗಡಿಯಂಥ ಜೀವಿಗಳನ್ನೂ ತಿಂದು ಬದುಕಬಲ್ಲದು. ಈಚೆಗೆ ಕಾಲಿಗೆ ಪುಟ್ಟ ಬೆಳಕುಮಾಪಕ ಕಟ್ಟಿ ನೋಡಿದಾಗ ಇನ್ನೊಂದು ಸಂಗತಿ ತಿಳಿಯಿತು: ಸಾಮಾನ್ಯ ಹಕ್ಕಿ ಬಹುಮಟ್ಟಿಗೆ ಬ್ಯಾರೆಂಟ್ಸ್ ಸಮುದ್ರದಲ್ಲೇ ಚಳಿಗಾಲ ಕಳೆಯುತ್ತದೆ, ಬ್ರೂನಿಕ್ ಐಸ್‌ಲ್ಯಾಂಡ್, ಗ್ರೀನ್‌ಲ್ಯಾಂಡುಗಳ ಕಡೆಗೆ ಹೋಗುತ್ತದೆ. ವಲಸೆಯ ದಣಿವನ್ನು ನೆನೆದು ನಾವು ಮರುಗುವುದುಂಟು. ಆ ವರ್ಷ ದೂರ ಹೋದದ್ದೂ ಅದನ್ನು ಉಳಿಸಿರಬೇಕೆಂದು ನನಗೆ ತೋರುತ್ತದೆ.

ಹಸಿವು ಕೊಲ್ಲದಿದ್ದಾಗಲೂ ಸಂತಾನವನ್ನು ಕಸಿಯುತ್ತದೆ. ಬವಣೆ ಹೆಚ್ಚಿದಾಗ ಹಕ್ಕಿಯ ರಕ್ತದಲ್ಲಿ ಕಾರ್ಟಿಕೋಸ್ಟೆರೋನ್ ಎಂಬ ರಸ ಏರುತ್ತದೆ; ಏರಿಯೇ ನಿಂತರೆ, ಕಾವು ಕೂರಲು ಪ್ರೇರಿಸುವ ಪ್ರೊಲ್ಯಾಕ್ಟಿನ್ ಇಳಿಯುತ್ತದೆ. ಸ್ಪಿಟ್ಸ್‌ಬರ್ಗನ್ನಿನಲ್ಲಿ ಕಿಟ್ಟಿವೇಕ್ ಎಂಬ ಮತ್ತೊಂದು ಕಡಲಹಕ್ಕಿಯ ಗಂಡುಗಳಿಗೆ ಚರ್ಮದಡಿ ಈ ರಸವನ್ನಿಟ್ಟು ಪರೀಕ್ಷಿಸಿದರು. ಅವುಗಳ ಗೂಡುಗಳಲ್ಲಿ ಮರಿಗಳು ಕಡಮೆಯಾದುವು. ಹಕ್ಕಿಯನ್ನು ಕಟುಕನೆಂದು ಜರೆಯುವಂತಿಲ್ಲ. ಎಷ್ಟೋ ಬೇಸಿಗೆಗಳನ್ನು ಕಾಣಬಲ್ಲ ಜೀವ, ಒಂದು ಬರಗಾಲದ ಮೊಟ್ಟೆಗಾಗಿ ತನ್ನನ್ನೇ ತೆತ್ತರೆ ಮುಂದಿನ ಮೊಟ್ಟೆಗಳೂ ಹೋದಂತೆಯೇ.

ಕ್ಯಾಪೆಲಿನ್ ಮೀನು ನಾಲ್ಕೈದು ವರ್ಷಗಳಲ್ಲೇ ಸಮುದ್ರಕ್ಕೆ ಮರಳಿತು. ಗಿಲ್ಲಿಮಾಟಿಗೆ ಆ ವೇಗ ಎಲ್ಲಿಯದು? ವರ್ಷಕ್ಕೊಂದೇ ಮೊಟ್ಟೆ, ಆ ಮರಿ ತಾನೂ ಮೊಟ್ಟೆಯಿಡಲು ಸಾಮಾನ್ಯವಾಗಿ ಇನ್ನೂ ಐದಾರು ವರ್ಷ.